ಕೆಂಪು ಕಾಟು ಹಾಕಿದ ಚಿತ್ರ

"ಆವತ್ತು ಮಳೆ ಅಂದ್ರೆ ಮಳೆ. ಸಮುದ್ರ ಎಲ್ಲಿ ಮುಗೀತು, ಆಕಾಶ ಎಲ್ಲಿ ಶುರುವಾಯ್ತು ಅಂತ ಗೊತ್ತಾಗ್ತಿರ್ಲಿಲ್ಲ. ವಿಮಾನ ನಿಲ್ದಾಣದ ತಾರಸಿ ಮೇಲೆ ನೂರಿನ್ನೂರು ಜನ, ಎಲ್ರೂ ತಲೆ ಮೇಲೆ ಕೋಟು ಹೊದ್ಕೊಂಡು ನಿಂತಿದ್ರು. ನಾನು ಕ್ಯಾಮೆರಾನ ಅಂಗಿಯೊಳಗೆ ಹಸುಗೂಸಿನ ಹಾಗೆ ಅವಚ್ಕೊಂಡು ಕಾಯ್ತಿದ್ದೆ. ಪ್ಯಾರಿಸ್ಸಿಂದ ಬರೋ ಕ್ಯಾರವೆಲ್ ಅದು. ಕ್ಯಾರವೆಲ್ ನೋಡಿದೀರಾ? ಈಗಿನೋರು ಎಲ್ಲಿ ನೋಡಿರ್ತೀರಿ! ಅದರ ಕಿಟಕಿ ದುಂಡಗಿರಲ್ಲ, ಚೌಕ ಇರಲ್ಲ, ಕಣ್ಣೀರಿನ ಹನಿ ಇದ್ದ ಹಾಗಿರುತ್ತೆ. ಇಂಜಿನ್ನು ರೆಕ್ಕೆ ಕೆಳಗಲ್ಲ, ಹಿಂದೆ, ಬಾಲದ ಎರಡೂ ಪಕ್ಕದಲ್ಲಿ, ಹುಡುಗಿ ಕಿವಿ ಹಿಂದೆ ಮಲ್ಲಿಗೆ ಸಿಕ್ಕಿಸ್ಕೊಂಡ ಹಾಗೆ. ಆ ಬಾಲದೊಳಗೆ ಒಂದು ಪ್ಯಾರಾಚೂಟು ಮಡಿಸಿಟ್ಟಿರ್ತಾರೆ. ನೆಲ ಒದ್ದೆಯಾಗಿ ಗಾಲಿ ಜಾರೋ ಹಾಗಿದ್ರೆ ಪೈಲಟ್ಟು ಅದನ್ನ ಬಿಡ್ತಾನೆ. ಬಿಡೋದು ಅಪರೂಪ. ನಾನು ಎರಡು ಚಳಿಗಾಲ ಅದಕ್ಕೇ ಕಾದಿದ್ದೆ. ಆವತ್ತು ಬಿಟ್ಟ! ನೀರು ಸೀಳ್ಕೊಂಡು ವಿಮಾನ ಓಡ್ತಿದೆ, ಹಿಂದಿಂದ ಬಿಳೀ ಬಟ್ಟೆ ಉಕ್ಕಿ ಬಂತು, ಒಲೆ ಮೇಲೆ ಹಾಲು ಉಕ್ಕಿದ ಹಾಗೆ. ನಾನು ಗುಂಡಿ ಒತ್ತೋದಕ್ಕೂ, ಎಲ್ಲಿದ್ಲೋ ಒಬ್ಬ ಹೆಂಗಸು, ಹಟ್ಟಿಯಿಂದ ಬಿಟ್ಟ ಹಸುವಿನ ಹಾಗೆ ನುಗ್ಗಿ ಬಂದು ಕೈಲಿದ್ದ ಗಂಟನ್ನ ಮೇಲೆತ್ತಿ ಹಿಡಿಯೋದಕ್ಕೂ ಸರಿಹೋಯ್ತು! ಮೂತಿ ಇದೆ, ರೆಕ್ಕೆ ಇದೆ, ಬಾಲ ಇರಬೇಕಾದ ಜಾಗದಲ್ಲಿ ಅವಳ ತಲೆ! ಆಮೇಲೂ ಹದಿನಾಲ್ಕು ವರ್ಷ ಆ ತಾರಸಿ ಮೇಲೆ ನಿಂತೆ. ಇನ್ನೊಂದು ಸಲ ಯಾರೂ ನನ್ನ ಕಣ್ಣ ಮುಂದೆ ಆ ಬಟ್ಟೆ ಬಿಡ್ಲಿಲ್ಲ."

ರಶಾದ್ ದೂಗಾನ್ ಬೈರೂತಿನ ಔಜಾಯಿ ಕಡಲ ದಂಡೆಯಲ್ಲಿ, ಮೋಟುಗೋಡೆಯ ಮೇಲೆ ಕೂತು ಈ ಕತೆ ಹೇಳಿ ಮುಗಿಸಿದಾಗ ಮಧ್ಯಾಹ್ನ ಮೂರು ದಾಟಿತ್ತು. ಅವನ ಪಕ್ಕದಲ್ಲಿ ಕಾಫಿ ಮಾರುವ ಫವ್ವಾಜ್ ಹಿತ್ತಾಳೆ ಹೂಜಿಯನ್ನು ಕೆಂಡದ ಮೇಲಿಟ್ಟುಕೊಂಡು, ಪಿಂಗಾಣಿ ಬಟ್ಟಲುಗಳನ್ನು ಒಂದಕ್ಕೊಂದು ತಾಕಿಸಿ ಕಿಣಿಕಿಣಿ ಮಾಡುತ್ತಿದ್ದ.

"ಮುನ್ನೂರು ಸಲ ಕೇಳಿದೀನಿ," ಎಂದ ಫವ್ವಾಜ್. "ಹೋದ ವಾರ ಆ ಹೆಂಗಸು ಒಂಟೆ ಆಗಿದ್ಲು. ಇವತ್ತು ಹಸು. ಪಾಪ, ಇಳೀತಾ ಇದಾಳೆ. ಮುಂದಿನ ವಾರ ಕೋಳಿ ಆಗ್ತಾಳೆ."

"ನೀನು ಕಾಫಿ ಬಗ್ಗಿಸು. ನಿನ್ನನ್ನ ಯಾರು ಕೇಳಿದ್ರು?"

ಫವ್ವಾಜ್ ಬಗ್ಗಿಸಿದ. ಕತೆ ಕೇಳುತ್ತಿದ್ದವರು ಅವನಲ್ಲದೆ ಇನ್ನೊಬ್ಬರಿದ್ದರು. ಹತ್ತಿರ ಹತ್ತಿರ ನಲವತ್ತರ ಹೆಂಗಸು, ಬೂದು ಕೋಟಿನವಳು, ಕಾಫಿಯ ಬಟ್ಟಲನ್ನು ಕೈಯಲ್ಲಿ ಹಿಡಿದು ಒಂದು ಗುಟುಕೂ ಕುಡಿಯದೆ ನಿಂತಿದ್ದಳು.

ರಶಾದನಿಗೆ ಆಗ ಐವತ್ತೊಂಬತ್ತು. ಮಕ್ಕಳಾಗಲಿಲ್ಲ. ಗಂಡಸನ್ನು ಮಗನ ಹೆಸರು ಹಿಡಿದು ಇಂಥವನ ಅಪ್ಪ ಎಂದು ಕರೆಯುವುದು ಅಲ್ಲಿಯ ರೂಢಿ. ಮಕ್ಕಳಿಲ್ಲದವನನ್ನು ಯಾರ ಅಪ್ಪ ಎಂದು ಕರೆಯುವುದು? ಬೀದಿಯವರು ತಾವೇ ಒಂದು ದಾರಿ ಮಾಡಿಕೊಂಡು ಅಬು ತಯ್ಯಾರ, ವಿಮಾನದಪ್ಪ, ಎಂದು ಕರೆದರು. ಅವನ ಹೆಂಡತಿ ಸಲ್ವಾ ತರಕಾರಿ ಅಂಗಡಿಗೆ ಹೋದರೆ "ಬನ್ನಿ ವಿಮಾನದವ್ವ, ಮರಿಗಳೆಲ್ಲ ಕ್ಷೇಮವಾ?" ಎಂದು ಕೇಳುವರು. ಸಲ್ವಾ ಏನೂ ಕಡಿಮೆ ಇಲ್ಲ. "ಎಲ್ಲಾ ಹಾರಿಹೋದ್ವು, ಅಪ್ಪ ಒಬ್ಬ ನೆಲದಲ್ಲಿ ಬಿದ್ದಿದಾನೆ," ಎನ್ನುವಳು.

ವಿಮಾನದ ಹುಚ್ಚು ಅವನಿಗೆ ಹಿಡಿದದ್ದು ಹದಿನೇಳನೇ ವಯಸ್ಸಿನಲ್ಲಿ. ಅಪ್ಪನ ಎಳ್ಳು ರೊಟ್ಟಿಯ ಗಾಡಿ ತಳ್ಳಿಕೊಂಡು ವಿಮಾನ ನಿಲ್ದಾಣದ ಬೇಲಿಯ ಬಳಿ ಹೋಗಿದ್ದ. ಜನ ಕೂಡಿದ ಕಡೆ ವ್ಯಾಪಾರವಾಗುತ್ತದಲ್ಲ! ಆವತ್ತು ಲಂಡನ್ನಿನಿಂದ ಕಾಮೆಟ್ ಇಳಿಯುವುದಿತ್ತು. ಅದುವರೆಗೆ ಬಂದ ವಿಮಾನಗಳಿಗೆಲ್ಲ ಮೂತಿಯಲ್ಲೋ ರೆಕ್ಕೆಯಲ್ಲೋ ತಿರುಗುವ ಪಂಖಗಳಿದ್ದವು. ಇದಕ್ಕೆ ಒಂದೂ ಇರಲಿಲ್ಲ. ಬೇಲಿಯ ಪಕ್ಕ ನಿಂತಿದ್ದ ಒಬ್ಬ ಮುದುಕ "ದೇವರೇ, ಪಂಖ ಎಲ್ಲಾ ದಾರೀಲಿ ಉದುರಿಹೋಗಿವೆ!" ಎಂದು ಕಿರುಚಿಕೊಂಡು, ಒಳಗಿರುವವರಿಗಾಗಿ ಪ್ರಾರ್ಥನೆಯನ್ನೇ ಶುರು ಮಾಡಿಬಿಟ್ಟ. ರೆಕ್ಕೆಯ ಬುಡದೊಳಗೆ ಹುದುಗಿಸಿದ ನಾಲ್ಕು ಇಂಜಿನ್ನು, ಬೆಳ್ಳಿಯ ಮೈ, ಹೊಳೆಯುವ ಹೊಟ್ಟೆ. ಮೊದಲು ವಿಮಾನ ಬಂತು, ಸದ್ದು ಅದರ ಹಿಂದೆ ಓಡಿಬಂತು. ರಶಾದನ ಕೈಯಿಂದ ರೊಟ್ಟಿಗಳು ಬಿದ್ದವು. ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ. ಮನುಷ್ಯನ ಕೈ ಇಂಥದ್ದನ್ನು ಮಾಡಿದೆಯೇ, ಇದು ಇನ್ನೊಂದು ಗಳಿಗೆಗೆ ಇಲ್ಲಿಂದ ಹೋಗಿಬಿಡುತ್ತದೆಯೇ, ಹೋದಮೇಲೆ ನನಗೆ ಏನುಳಿಯುತ್ತದೆ ಎಂದುಕೊಳ್ಳುತ್ತ ಬೇಲಿ ಹಿಡಿದು ನಿಂತುಬಿಟ್ಟ.

ಮರುವಾರವೇ ಅವನು ಪೇಟೆಯ ಅರ್ಮೇನಿಯನ್ ಫೋಟೋಗ್ರಾಫರ್ ಹಗೋಪ್ ಬಳಿ ಕೆಲಸಕ್ಕೆ ಸೇರಿದ. ನೆಲ ಗುಡಿಸಿದ, ಔಷಧಿಯ ತಟ್ಟೆ ತೊಳೆದ, ಎರಡು ವರ್ಷದ ಮೇಲೆ ಕ್ಯಾಮೆರಾ ಮುಟ್ಟಿದ. ಹಗೋಪ್ ಅವನ ಮೊದಲ ರೀಲನ್ನು ಬೆಳಕಿಗೆ ಹಿಡಿದು ನೋಡಿ ಹಣೆ ಬಡಿದುಕೊಂಡಿದ್ದನಂತೆ. "ಮದುಮಗಳು ಮಸುಕು, ಅವಳ ಹಿಂದಿನ ವಿಮಾನದ ಒಂದೊಂದು ಮೊಳೆಯೂ ಎಣಿಸಬಹುದು! ಲೋ, ವಿಮಾನ ಬಂದು ನಮ್ಮ ಹತ್ರ ಚಿತ್ರ ತಗೊಳುತ್ತೇನೋ?"

ಆದರೂ ಆ ಹುಚ್ಚೇ ಅವನ ಕಸುಬಾಯಿತು. ಖಾಲ್ದೆಯ ಹೊಸ ನಿಲ್ದಾಣದ ತಾರಸಿಯಲ್ಲಿ ಚಿತ್ರ ತೆಗೆಯಲು ಅವನಿಗೆ ಅಪ್ಪಣೆಯ ಚೀಟಿ ಸಿಕ್ಕಿತು. ಆ ಕಾಲದಲ್ಲಿ ಒಬ್ಬ ಬ್ರೆಜಿಲ್ಲಿಗೋ ಆಫ್ರಿಕಾದ ಡಾಕರಿಗೋ ಹೊರಟರೆ ಮೂವತ್ತು ಜನ ಕಳಿಸಲು ಬರುತ್ತಿದ್ದರು, ಅಳುತ್ತಿದ್ದರು, ಹಾಡುತ್ತಿದ್ದರು, ತಿನ್ನುತ್ತಿದ್ದರು. ವಿಮಾನ ಹಿಂದೆ ಕಾಣುವಂತೆ ಎಲ್ಲರನ್ನೂ ನಿಲ್ಲಿಸಿ ರಶಾದ್ ಗುಂಡಿ ಒತ್ತುವನು. ಚಿತ್ರ ಬೇಕಾದವರು ಮರುದಿನ ಪೇಟೆಯ ಅಂಗಡಿಗೆ ಬರಬೇಕು. ಬಂದವರು ತಮ್ಮ ಮನೆತನದ ಹೆಸರು ಹೇಳಿದರೆ ಅವನಿಗೆ ಪ್ರಯೋಜನವಿಲ್ಲ. "ನೀವು ಯಾರೋ ನನಗ್ಗೊತ್ತಿಲ್ಲ. ನಿಮ್ಮ ಹಿಂದೆ ಯಾವ ವಿಮಾನ ನಿಂತಿತ್ತು, ಅದು ಹೇಳಿ," ಎನ್ನುವನು. ಅವನ ಲೆಕ್ಕವೆಲ್ಲ ವಿಮಾನದ ಬಾಲದ ಮೇಲೆ ಬರೆದ ಅಕ್ಷರಗಳ ಮೇಲೆ ನಡೆಯುತ್ತಿತ್ತು. ಪಾಪ, ಜನ ತಲೆ ಕೆರೆದುಕೊಂಡು "ಬಾಲದಲ್ಲಿ ಹಕ್ಕಿ ಇತ್ತು", "ಮೂರು ಬಾಲ ಇತ್ತು, ಮೀನಿನ ಹಾಗೆ" ಎಂದೆಲ್ಲ ಒದರುವರು. ಅವನು ನಕ್ಕು ಹುಡುಕಿ ಕೊಡುವನು.

ಜನರ ಚಿತ್ರಗಳೆಲ್ಲ ಅಂಗಡಿಯಲ್ಲಿದ್ದವು. ತನಗಾಗಿ ತೆಗೆದ ಬರೀ ವಿಮಾನಗಳ ಚಿತ್ರಕ್ಕೆ ಮನೆಯಲ್ಲಿ ಬೇರೆ ಪುಸ್ತಕಗಳಿದ್ದವು. ರೀಲು ತೊಳೆದಮೇಲೆ ಫಿಲ್ಮಿನಷ್ಟೇ ಅಳತೆಯ, ಬೆಂಕಿಪೊಟ್ಟಣದಷ್ಟು ದೊಡ್ಡ ಚಿತ್ರಗಳನ್ನು ಅಚ್ಚು ತೆಗೆದು, ಸಾಲಾಗಿ ಅಂಟಿಸಿ, ಮೇಲೆ ವಿಮಾನದ ಗುರುತು, ಕೆಳಗೆ ದಿನಾಂಕ, ಗಾಳಿ, ಮಳೆ ಬರೆಯುವನು. ಚೆನ್ನಾಗಿ ಬಂದದ್ದನ್ನು ಆಮೇಲೆ ದೊಡ್ಡದು ಮಾಡುವುದು. ಯಾರದಾದರೂ ತಲೆಯೋ ಟೋಪಿಯೋ ಅಡ್ಡ ಬಂದು ಕೆಟ್ಟಿದ್ದರೆ ಕೆಂಪು ಮೇಣದ ಪೆನ್ಸಿಲ್ಲಿನಲ್ಲಿ ಅದರ ಮೇಲೆ ಒಂದು ಕಾಟು. ಮೂಲೆಯಿಂದ ಮೂಲೆಗೆ ಎರಡು ಗೆರೆ, ಮುಗಿಯಿತು.

ಎಪ್ಪತ್ತೈದರಲ್ಲಿ ಯುದ್ಧ ಬಂತು. ಪೇಟೆ ಉರಿದಾಗ ಅಂಗಡಿಯೂ ಅದರೊಳಗಿದ್ದ ಜನರ, ವಿಮಾನಗಳ ಫಿಲ್ಮುಗಳೆಲ್ಲವೂ ಬೂದಿಯಾದವು. ತಾರಸಿಯೂ ಮುಚ್ಚಿತು. ಮನೆಯ ಮಂಚದ ಕೆಳಗಿದ್ದ ಪುಸ್ತಕಗಳು ಉಳಿದವು. ಯುದ್ಧ ಮುಗಿದಮೇಲೆ ರಶಾದ್, ಇಳಿಯುವ ವಿಮಾನಗಳು ಹತ್ತಿರದಿಂದ ಕಾಣುವ ಈ ಮೋಟುಗೋಡೆಗೆ ಬಂದು ಕೂರತೊಡಗಿದ. ಕಾವಲಿನ ಸೈನಿಕರು ಎರಡು ಸಲ ಕ್ಯಾಮೆರಾ ಕಿತ್ತುಕೊಂಡು, ಮೂರನೇ ಸಲ "ಅಬು ತಯ್ಯಾರ, ಇವತ್ತು ಯಾವುದು ಬರುತ್ತೆ?" ಎಂದು ಅವನನ್ನೇ ಕೇಳುವಂತಾದರು.

ಬೂದು ಕೋಟಿನ ಹೆಂಗಸು ಕಾಫಿಯ ಬಟ್ಟಲನ್ನು ಗೋಡೆಯ ಮೇಲಿಟ್ಟಳು.

"ಉಸ್ತಾದ್ ರಶಾದ್, ಆ ದಿನ ಯಾವುದು?"

"ಅರವತ್ತೊಂದರ ಫೆಬ್ರವರಿ. ರಮದಾನಿಗೆ ಎರಡು ದಿನ ಇತ್ತು."

"ಬಟ್ಟೆ ಬಿಳೀದು. ನಿಜವಾಗ್ಲೂ ಬಾಲದಿಂದ ಬಂತಾ?"

"ನಾನೇನು ಸುಳ್ಳು ಹೇಳ್ತೀನಾ?"

ಆಕೆ ಗೋಡೆಯ ಮೇಲೆ ಕೂತುಬಿಟ್ಟಳು. ಹೆಸರು ಹಿಂದ್. ಡಾಕರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಸೋದರಮಾವ ಪ್ಯಾರಿಸ್ಸಿನ ಮೂಲಕ ಬರುವಾಗ ಅವನನ್ನು ಎದುರುಗೊಳ್ಳಲು ಆರು ವರ್ಷದವಳಾಗಿದ್ದಾಗ ಅಮ್ಮನ ಜೊತೆ ಆ ತಾರಸಿಗೆ ಹೋಗಿದ್ದಳಂತೆ. ವಿಮಾನವೊಂದು ಓಡುತ್ತ ಓಡುತ್ತ ಹಿಂದಿನಿಂದ ಬಿಳೀ ಲಂಗ ಬಿಚ್ಚಿದ್ದನ್ನು ತಾನು ನೋಡಿದೆನೆಂದು ಶಾಲೆಯಲ್ಲಿ ಹೇಳಿ ನಗೆಪಾಟಲಾದಳಂತೆ. ಗಂಡನೂ ನಕ್ಕ, ಮಗಳೂ ನಕ್ಕಳು. ತಾರಸಿಗೆ ಹೋದ ವರ್ಷವೇ, ಮುಂದಿನ ಚಳಿಗಾಲಕ್ಕೆ ಮೊದಲು, ಹೆರಿಗೆಯಲ್ಲಿ ಅಮ್ಮ ತೀರಿಕೊಂಡಿದ್ದಳು. ಎಪ್ಪತ್ತಾರರಲ್ಲಿ ಮನೆ ಸುಟ್ಟಾಗ ಆಲ್ಬಮ್ಮು ಹೋಯಿತು. ಅಮ್ಮನ ಒಂದು ಚಿತ್ರವೂ ಎಲ್ಲೂ ಇಲ್ಲ.

"ನನಗೆ ಅವಳ ಕೈ ನೆನಪಿದೆ, ಬಳೆ ನೆನಪಿದೆ, ಮುಖ ನೆನಪಿಲ್ಲ. ಮಗಳಿಗೆ ಮುಂದಿನ ತಿಂಗಳು ಮದುವೆ. ನಾನು ಅಜ್ಜಿ ಥರ ಇದೀನಾ ಅಂತ ಕೇಳ್ತಾಳೆ, ಉತ್ತರ ಇಲ್ಲ. ತಾರಸೀಲಿ ಚಿತ್ರ ತೆಗೀತಿದ್ದವರು ಯಾರಾದ್ರೂ ಬದುಕಿದಾರಾ ಅಂತ ಒಂದು ವಾರದಿಂದ ಕೇಳ್ತಾ ಬಂದೆ. ನಿಮ್ಮನ್ನ ತೋರಿಸಿದ್ರು. ನೀವು ಕತೆ ಹೇಳ್ತಿದ್ರಿ, ಮಧ್ಯ ಬಾಯಿ ಹಾಕ್ಬಾರದು ಅಂತ ನಿಂತಿದ್ದೆ." ಕಾಫಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಹೇಳಿದಳು. "ಆವತ್ತು ಯಾರೋ ನಮ್ಮ ಮೇಲೆ ಕೂಗಾಡಿದ್ರು. ಅದು ಮಾತ್ರ ಚೆನ್ನಾಗಿ ನೆನಪಿದೆ."

ರಶಾದ್ ಗೋಡೆಯಿಂದ ಕೆಳಗಿಳಿದ. "ಅದು ನಾನೇ."

ಫವ್ವಾಜ್ ಬಟ್ಟಲು ತಾಕಿಸುವುದನ್ನು ನಿಲ್ಲಿಸಿದ. "ಒಂಟೆ ಅಂದಿದ್ದು ನಾನಲ್ಲಮ್ಮಾ, ಇವನು," ಎಂದ.

ಬಿರ್ ಹಸನ್ನಿನ ಮನೆಗೆ ನಡೆದು ಹೋಗಲು ಹತ್ತು ನಿಮಿಷ. ಆ ಹತ್ತು ನಿಮಿಷವೂ ರಶಾದ್ ಲೆಕ್ಕ ಹಾಕುತ್ತ ನಡೆದ. ಅಂಗಡಿಯ ಫಿಲ್ಮು ಸುಟ್ಟಿದೆ, ಆ ದಿನದ ಪುಟ್ಟ ಅಚ್ಚು ಪುಸ್ತಕದಲ್ಲಿರಬೇಕು. ಇದ್ದರೂ ಅದರ ಮೇಲೆ ತಾನೇ ಎಳೆದ ಕಾಟು ಇದೆ. ಎಷ್ಟು ಸಿಟ್ಟಿನಿಂದ ಎಳೆದಿದ್ದನೆಂದು ಅವನ ಕೈಗೆ ಇನ್ನೂ ನೆನಪಿತ್ತು.

ಸಲ್ವಾ ಬಾಗಿಲು ತೆರೆದು, ಗಂಡನ ಮುಖ ನೋಡಿ, "ಯಾವ ವಿಮಾನ ತಪ್ಪಿತು?" ಎಂದಳು. ಹಿಂದೆ ನಿಂತಿದ್ದ ಹಿಂದ್‌ಳನ್ನು ಕಂಡು ಮಾತು ಬದಲಿಸಿ, "ಬಾ ಮಗಳೇ, ಮನೆ ನಿನ್ನದೇ," ಎಂದು ಒಳಗೆ ಕರೆದಳು. ವಿಷಯ ಕೇಳಿದಮೇಲೆ ಅವಳು ಗಂಡನನ್ನು ಬಿಡಲಿಲ್ಲ. "ಮೂವತ್ತಮೂರು ವರ್ಷ ಊರ ತುಂಬಾ ಆ ಬಡಪಾಯಿನ ಬೈಕೊಂಡು ಓಡಾಡಿದ್ಯಲ್ಲ, ಈಗ ತೆಗಿ ಪುಸ್ತಕ!"

ಪುಸ್ತಕ ಸಿಕ್ಕಿತು. ಪುಟವೂ ಸಿಕ್ಕಿತು. ಮೇಲೆ ವಿಮಾನದ ಗುರುತು, ಕೆಳಗೆ "ಭಾರೀ ಮಳೆ. ಪ್ಯಾರಾಚೂಟು ಬಿಟ್ಟ. ಕೆಟ್ಟಿತು," ಎಂದು ಬರೆದಿತ್ತು. ಚಿತ್ರದಲ್ಲಿ ವಿಮಾನದ ಮೂತಿ, ಒಂದು ರೆಕ್ಕೆ. ಉಳಿದ ಭಾಗದ ಮೇಲೆ ಕೆಂಪು. ಬೇರೆ ಚಿತ್ರಗಳಿಗೆಲ್ಲ ಎರಡೇ ಗೆರೆ. ಇದಕ್ಕೆ ಎರಡರ ಮೇಲೆ ಎರಡು, ಅದರ ಮೇಲೆ ಇನ್ನೂ ಕೆಲವು ಗೀಚಿ ಮುಖವಿದ್ದ ಜಾಗದಲ್ಲಿ ಮೇಣ ಗಟ್ಟಿ ಕಟ್ಟಿಕೊಂಡಿತ್ತು.

ಹಿಂದ್ ಬಗ್ಗಿ ನೋಡಿ ಮೆಲ್ಲಗೆ, "ಇಲ್ಲ ಅನ್ಸುತ್ತೆ," ಎಂದಳು.

"ಇದೆ. ಮೇಣ ಮೇಲೆ, ಚಿತ್ರ ಕೆಳಗೆ. ಮೇಣ ಸ್ಪಿರಿಟ್ಟಿಗೆ ಕರಗುತ್ತೆ." ರಶಾದ್ ಬೆರಳು ನೋಡಿಕೊಂಡ. "ಹೊಸ ಕಾಗದ ಆಗಿದ್ರೆ ಒಂದು ನಿಮಿಷದ ಕೆಲಸ. ಇದು ಹಳೇದು. ಜಾಸ್ತಿ ಉಜ್ಜಿದ್ರೆ ಮೇಲಿನ ಪದರಾನೇ ಎದ್ದು ಬರುತ್ತೆ. ಮೇಣದ ಜೊತೆ ಮುಖಾನೂ ಹೋಗುತ್ತೆ. ಇದು ಬಿಟ್ರೆ ಇನ್ನೊಂದು ಇಲ್ಲ, ಮಗಳೇ. ಬೇಡ ಅಂದ್ರೆ ಹೀಗೇ ತಗೊಂಡು ಹೋಗು. ನನಗಿಂತ ಬುದ್ಧಿವಂತರು ಎಲ್ಲಾದ್ರೂ ಇದ್ದಾರು."

"ನೀವೇ ಹಾಕಿದ್ದು. ನೀವೇ ತೆಗೀರಿ," ಎಂದಳು ಹಿಂದ್.

ಕರೆಂಟಿರಲಿಲ್ಲ. ಮೂವರೂ ಮೇಜನ್ನು ಬಾಲ್ಕನಿಗೆ ಹೊತ್ತು ತಂದರು. ಸಲ್ವಾ ಔಷಧಿಯ ಡಬ್ಬಿಯಿಂದ ಹತ್ತಿ ತಂದು ಬೆಂಕಿಕಡ್ಡಿಯ ತುದಿಗೆ ಅಕ್ಕಿಕಾಳಿನಷ್ಟು ಸುತ್ತಿ ಸುತ್ತಿ ಹತ್ತಾರು ಮಾಡಿಟ್ಟಳು. ರಶಾದ್ ಕನ್ನಡಕದ ಮೇಲೆ ಭೂತಕನ್ನಡಿ ಹಿಡಿದ. ಮೊದಲ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ತನ್ನದೇ ಅಂಗೈಗೆ ಒತ್ತಿ ಒಣಗಿಸಿ, ಚಿತ್ರದ ಮೂಲೆಯಲ್ಲಿ, ಬರೀ ಆಕಾಶವಿದ್ದ ಕಡೆ ಮುಟ್ಟಿಸಿ ಪರೀಕ್ಷೆ ಮಾಡಿದ. ಹತ್ತಿ ಕೆಂಪಾಯಿತು. ಆಕಾಶ ಹಾಗೇ ಇತ್ತು.

"ಉಸಿರು ಬಿಡೋ," ಎಂದಳು ಸಲ್ವಾ.

ಉಜ್ಜುವ ಹಾಗಿಲ್ಲ, ಮುಟ್ಟಿಸಿ ಎತ್ತಬೇಕು. ಒಂದು ಕಡ್ಡಿಗೆ ಮೂರು ಸಲ, ಆಮೇಲೆ ಇನ್ನೊಂದು ಕಡ್ಡಿ. ರೆಕ್ಕೆಯ ತುದಿ ಬಂತು. ಕಣ್ಣೀರಿನ ಹನಿಯಂಥ ಒಂದು ಕಿಟಕಿ ಬಂತು, ಅದರ ಪಕ್ಕ ಇನ್ನೊಂದು. ತಲೆಗೆ ಹೊದ್ದ ವಸ್ತ್ರದ ಅಂಚು ಬಂತು. ಅಷ್ಟರಲ್ಲಿ ಮನೆಯ ಮೇಲೆಯೇ ವಿಮಾನವೊಂದು ಇಳಿಯಲು ಬಂದು ಕಿಟಕಿಯ ಗಾಜು, ಮೇಜು, ಸ್ಪಿರಿಟ್ಟಿನ ಬಟ್ಟಲು ಎಲ್ಲ ನಡುಗಿದವು. ರಶಾದ್ ಕಡ್ಡಿಯನ್ನು ಮೇಲೆತ್ತಿ ಹಿಡಿದು, ನಡುಕ ನಿಲ್ಲುವವರೆಗೆ ಚಿತ್ರದ ಮೇಲೆ ಬಾಗಿ ಅದಕ್ಕೆ ಮರೆಯಾಗಿ ಕೂತ. ಸದ್ದು ಸಮುದ್ರದ ಕಡೆ ಸರಿದಮೇಲೆ ಮತ್ತೆ ಶುರು ಮಾಡಿದ.

ಮುಖದ ಮೇಲಿನ ಮೇಣ ಸುಲಭಕ್ಕೆ ಬಿಡಲಿಲ್ಲ. ಒಂದು ಸಲ ಹತ್ತಿಗೆ ಕೆಂಪಿನ ಜೊತೆ ಏನೋ ಕಂದು ಬಣ್ಣ ಬಂದು ಅವನ ಕೈ ನಿಂತೇಹೋಯಿತು. ಸಲ್ವಾ ಬಗ್ಗಿ ನೋಡಿ, "ಅದು ಅಂಟು, ಮುಖ ಅಲ್ಲ," ಎಂದಳು. ಅವನು ಬೆವರು ಒರೆಸಿಕೊಂಡು ಮತ್ತೆ ಮುಟ್ಟಿಸಿದ, ಎತ್ತಿದ, ಮುಟ್ಟಿಸಿದ, ಎತ್ತಿದ.

ಕೊನೆಗೆ ಭೂತಕನ್ನಡಿಯನ್ನು ಹಿಂದ್‌ಳ ಕಡೆ ಸರಿಸಿದ. ತಾನು ಮಾತ್ರ ಚಿತ್ರ ನೋಡದೆ ಎದ್ದು ಹೋಗಿ ಬಾಲ್ಕನಿಯ ಕಂಬಿ ಹಿಡಿದು ನಿಂತ.

ಹಿಂದ್ ಭೂತಕನ್ನಡಿ ಹಿಡಿದು ಚಿತ್ರದ ಮೇಲೆ ಬಗ್ಗಿದಳು. ಆಮೇಲೆ, "ಅದು ಗಂಟಲ್ಲ," ಎಂದಳು.

"ಏನು?"

"ಅವಳು ಎತ್ತಿ ಹಿಡಿದಿದ್ದು ಗಂಟಲ್ಲ, ಉಸ್ತಾದ್. ಅದು ನಾನು."

ರಶಾದ್ ಬಂದು ನೋಡಿದ. ಉಗುರಿಗಿಂತ ಚಿಕ್ಕ ಮುಖ. ಇಪ್ಪತ್ತೈದರ ಹೆಂಗಸು, ಮಳೆಯಲ್ಲಿ ತೊಯ್ದ ವಸ್ತ್ರ ಹಣೆಗೆ ಅಂಟಿಕೊಂಡಿದೆ. ಕೋಟಿನಲ್ಲಿ ಸುತ್ತಿದ ಮಗುವನ್ನು ಎರಡೂ ಕೈಯಲ್ಲಿ ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದಾಳೆ. ಜನರ ತಲೆಗಳ ನಡುವೆ ಮಗುವಿಗೆ ಕಾಣಲೆಂದು ನುಗ್ಗಿ ಬಂದವಳು ಅವಳು. ಮಗು ಅತ್ತ ನೋಡುತ್ತಿದೆ, ಅವಳು ಓಡುವ ವಿಮಾನದ ಕಡೆ ಕತ್ತು ತಿರುಗಿಸಿದ್ದರಿಂದ ಅರ್ಧ ಮುಖ ಇತ್ತ ಕಾಣುತ್ತಿದೆ, ಬಾಯಿ ತೆರೆದಿದೆ, ಹುಬ್ಬು ಮೇಲೇರಿದೆ. ಲೋಕ ಇದೀಗ ತಾನೇ ಹುಟ್ಟಿತೋ ಎಂಬಂತೆ ನೋಡುತ್ತಿದ್ದಾಳೆ. ಅವಳ ತಲೆಯ ಹಿಂದಿನಿಂದ, ಮಳೆಯ ಮಬ್ಬಿನಲ್ಲಿ, ಆ ಬಿಳೀ ಬಟ್ಟೆ ಗಾಳಿ ತುಂಬಿಕೊಂಡು ಅಗಲವಾಗಿ ಅರಳಿತ್ತು. ಪೆನ್ಸಿಲ್ಲಿನ ಒಂದು ಗೀರು ಮಾತ್ರ ಕಾಗದದಲ್ಲಿ ಇಳಿದುಹೋಗಿ ಅವಳ ತೋಳಿನ ಮೇಲೆ ಉಳಿದಿತ್ತು. ಅದು ಇನ್ನು ಹೋಗುವಂಥದ್ದಲ್ಲ.

ರೊಟ್ಟಿ ಬೀಳಿಸಿಕೊಂಡು ನಿಂತಿದ್ದ ಹದಿನೇಳರ ಹುಡುಗನ ಮುಖ ಹೀಗೇ ಇದ್ದಿರಬೇಕು. ಅದರ ಚಿತ್ರವನ್ನು ಯಾರೂ ತೆಗೆದಿರಲಿಲ್ಲ.

"ಪ್ಯಾರಾಚೂಟೂ ಸರಿಯಾಗೇ ಬಂದಿದೆ," ಎಂದ ರಶಾದ್.

"ನಿನಗೆ ಈಗ್ಲೂ ಅದೇ ಕಾಣ್ತಾ?" ಎಂದು ಸಲ್ವಾ ಅವನ ತಲೆಗೆ ಮೊಟಕಿದಳು.

ಹಿಂದ್ ಒಂದು ಕಣ್ಣಿನಲ್ಲಿ ಅಳುತ್ತ ಇನ್ನೊಂದರಲ್ಲಿ ನಗುತ್ತ, "ಹಾಗಾದ್ರೆ ನಿಮ್ಮ ಚಿತ್ರ ಕೆಡಿಸಿದ್ದು ಅಮ್ಮ ಅಲ್ಲ, ನಾನೇ. ಇಷ್ಟು ವರ್ಷ ಅವಳು ಸುಮ್ನೆ ಬೈಸ್ಕೊಂಡ್ಲು," ಎಂದಳು. ಭೂತಕನ್ನಡಿಯನ್ನು ಮತ್ತೆ ಎಳೆದುಕೊಂಡು, "ಮಗಳಿಗೆ ಹುಬ್ಬು ಇವಳದೇ. ನೋಡಿ, ಹೀಗೇ ಎತ್ತುತ್ತಾಳೆ," ಎಂದು ತನ್ನ ಹುಬ್ಬನ್ನೂ ಎತ್ತಿ ತೋರಿಸಿದಳು. ತನಗೂ ಅದೇ ಹುಬ್ಬು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಸಲ್ವಾಳೇ ಹೇಳಬೇಕಾಯಿತು.

ಬೆಳಕು ಹೋಗುವ ಮೊದಲೇ ಆ ಪುಟ್ಟ ಚಿತ್ರವನ್ನು ಗೋಡೆಗೆ ಒರಗಿಸಿ, ಕ್ಯಾಮೆರಾಕ್ಕೆ ಹತ್ತಿರದ್ದನ್ನು ಹಿಡಿಯುವ ಗಾಜು ಹಾಕಿ ರಶಾದ್ ಅದರ ಚಿತ್ರ ತೆಗೆದ. ಒಂದಲ್ಲ, ಎಂಟು ಸಲ. ಪ್ರತಿ ಸಲವೂ ಕಣ್ಣು ಕಿರಿದು ಮಾಡಿ, ಮುಖಕ್ಕೇ ಸರಿಯಾಗಿ ಹೊಂದಿಸಿ ಗುಂಡಿ ಒತ್ತಿದ. ನಾಡಿದ್ದು ಬಂದರೆ ದೊಡ್ಡದು ಮಾಡಿ ಕೊಡುವೆನೆಂದ. ಹಿಂದ್ ಅಷ್ಟು ಹೊತ್ತೂ ಪುಸ್ತಕದ ಬೇರೆ ಪುಟಗಳನ್ನು ತಿರುವುತ್ತಿದ್ದಳು. ಕಾಟು ಬಿದ್ದ ಚಿತ್ರಗಳು ಬೇಕಾದಷ್ಟಿದ್ದವು. ಟೋಪಿಯ ಮುದುಕ, ಜಡೆಯ ಹುಡುಗಿ, ಹೆಗಲ ಮೇಲೆ ಮಗು ಕೂರಿಸಿಕೊಂಡವನು. ಕೆಂಪು ಗೆರೆಗಳ ಕೆಳಗೆ ಎಲ್ಲರೂ ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ರಶಾದ್ ಅವಳ ಹೆಗಲ ಮೇಲಿಂದ ಇಣುಕಿ ನೋಡಿದ. ಸ್ಪಿರಿಟ್ಟಿನ ಸೀಸೆಯನ್ನು ಎತ್ತಿ ಎಷ್ಟು ಉಳಿದಿದೆಯೆಂದು ಬೆಳಕಿಗೆ ಹಿಡಿದ.

ಅಷ್ಟರಲ್ಲಿ ಅಡಿಗೆಮನೆಯ ಕೊಳಾಯಿ ಗೊರಗೊರ ಎಂದಿತು.

"ನೀರು ಬಂತು!" ಎಂದು ಸಲ್ವಾ ಎದ್ದಳು. "ರಶಾದ್, ಡ್ರಮ್ಮು ಎಳಿ! ಅರ್ಧ ಗಂಟೆಗೆ ನಿಂತುಹೋಗುತ್ತೆ."

ರಶಾದ್ ಡ್ರಮ್ಮು ಎಳೆದ. ಸಲ್ವಾ ಕೊಳವೆ ಸಿಕ್ಕಿಸಿದಳು. ಹಿಂದ್ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ತೋಳು ಮಡಿಸಿಕೊಂಡು ಬಂದಳು. "ಖಾಲಾ, ಬಕೆಟ್ಟುಗಳು ಎಲ್ಲಿ?" ಎಂದು ಕೇಳಿ, ತಾನೇ ಬಚ್ಚಲಿನಿಂದ ನಾಲ್ಕು ಬಕೆಟ್ಟು ತಂದು ಸಾಲಾಗಿಟ್ಟಳು. ಡ್ರಮ್ಮು ತುಂಬಿತು. ಕೊಳವೆಯನ್ನು ಮೊದಲ ಬಕೆಟ್ಟಿಗೆ ಬಿಟ್ಟಳು, ಅದು ತುಂಬಿದಮೇಲೆ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ.